ಪಚ್ಚೆ ಜಪಸರ

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಗಂಟಕ್ಕ ಅಂತಲೇ ಕರೆಯುತ್ತಿದ್ದರು. ಜಪಸರದ ಮಣಿಗೂ ಮಣಿಗೂ ನಡುವೆ ರೇಷ್ಮೆ ದಾರದಲ್ಲಿ ಅವಳು ಹಾಕುವ ಗಂಟು ಸಾಸಿವೆ ಕಾಳಿಗಿಂತ ಸಣ್ಣದು, ಒಂದರ ಪಡಿಯಚ್ಚು ಇನ್ನೊಂದು. ಸರ ಪೋಣಿಸುವವರು ಇನ್ನೂ ಐದಾರು ಮಂದಿ ಇದ್ದರು. ಆದರೆ ಸ್ಫಟಿಕ, ಹವಳ, ಮಾಣಿಕ್ಯದಂಥ ಬೆಲೆಬಾಳುವ ಕಲ್ಲು ಕೈಗೆ ಬಂದರೆ ಜನ ಇವಳ ಮೆಟ್ಟಿಲನ್ನೇ ಹತ್ತುತ್ತಿದ್ದರು. ಆ ಹೆಸರಿಗೆ ಇನ್ನೊಂದು ಕಾರಣವೂ ಇತ್ತು, ಅದನ್ನು ಅವಳೆದುರು ಯಾರೂ ಹೇಳುತ್ತಿರಲಿಲ್ಲ. ಅವಳ ಮುಖ ಸದಾ ಗಂಟು. ನಲವತ್ತಮೂರರ ಈ ಹೆಂಗಸು ವರ್ಷಕ್ಕೊಮ್ಮೆ ನಕ್ಕರೆ ಹೆಚ್ಚು, ಅದೂ ಬೇರೆಯವರು ಪೋಣಿಸಿದ ದಾರ ಕಿತ್ತುಹೋದಾಗ ಅಂತ ಕೆಳಗಿನ ಇಸ್ತ್ರಿ ಅಂಗಡಿಯವನು ಗಿರಾಕಿಗಳ ಹತ್ತಿರ ತಮಾಷೆ ಮಾಡುತ್ತಿದ್ದ.

ಮುಖದ ಆ ಗಂಟು ಬಿದ್ದು ಇಪ್ಪತ್ತನಾಲ್ಕು ವರ್ಷವಾಗಿತ್ತು.

ಅವಳ ಅಪ್ಪ ಮಣಿ ಕೊರೆಯುವವರು. ಅಂದರೆ ಉರುಟು ಮಾಡಿದ ಕಲ್ಲಿಗೆ ದಾರ ಹಾಯುವಷ್ಟು ತೂತು ಕೊರೆಯುವ ಕೆಲಸ. ಪಚ್ಚೆಯಂಥ ಕಲ್ಲು ಮುಂಗೋಪಿ ಅತ್ತೆಯ ಹಾಗೆ. ಸ್ವಲ್ಪ ಒತ್ತಿದರೆ ಸಿಡಿಯುತ್ತದೆ. ಉಳಿದವರು ಒಂದೇ ಕಡೆಯಿಂದ ಕೊರೆದು ಆಚೆ ಕಡೆ ಚೂರು ಏಳಿಸುತ್ತಿದ್ದರು. ಅಪ್ಪ ಮಾತ್ರ ಎರಡೂ ಕಡೆಯಿಂದ ಅರ್ಧರ್ಧ ಕೊರೆದು ನಡುವೆ ಕೂಡಿಸುತ್ತಿದ್ದರು. ಅವರು ಕೊರೆದ ಮಣಿಯನ್ನು ಬೆಳಕಿಗೆ ಹಿಡಿದರೆ ತೂತಿನ ನಡುಮಧ್ಯೆ ಕೂದಲೆಳೆಯಷ್ಟು ಸಣ್ಣ ಮೆಟ್ಟಿಲು ಕಾಣುತ್ತಿತ್ತು. ಬೀದಿಯಲ್ಲಿ ಬೇರೆ ಯಾರ ಮಣಿಯಲ್ಲೂ ಅದು ಇರಲಿಲ್ಲ.

ಒಮ್ಮೆ ಮುತ್ತಿನಂಗಡಿಯ ಯಜಮಾನರು ಅಪ್ಪನಿಗೆ ದೊಡ್ಡ ಕೆಲಸ ಕೊಟ್ಟರು. ಶಾಲೆಯ ಹೆಡ್‌ಮಿಸ್ಟ್ರೆಸ್ ಒಬ್ಬರು ನಿವೃತ್ತಿಯಾಗುವಾಗ ಕೈಗೆ ಬಂದ ಹಣವನ್ನೆಲ್ಲ ಹಾಕಿ ಪಚ್ಚೆಯ ಜಪಸರ ಮಾಡಿಸಲು ಹೊರಟಿದ್ದರು. ನೂರೆಂಟು ಮಣಿ, ಮೇಲೊಂದು ಮೇರುಮಣಿ. ಜಪ ಮಾಡುವಾಗ ಬೆರಳು ಆ ಮೇರುವನ್ನು ದಾಟಬಾರದು, ಅಲ್ಲಿಂದ ಹಿಂದಕ್ಕೆ ತಿರುಗಬೇಕು. ಆ ಮೇರುವಿಗೆ ಬೇಕಾದ ಕಲ್ಲನ್ನು ಟೀಚರಮ್ಮ ತಾವೇ ಆರಿಸಿದ್ದರು. ಅದರ ಒಡಲಲ್ಲಿ ಸೀಳಿದ ಗರಿಯಂಥ ಒಂದು ಬಿಳಿ ಗೆರೆ. ಮೇರುವಿಗೆ ಮೂರು ತೂತು ಬೇಕು. ಗೆರೆಗೆ ತಾಗದಂತೆ ಮೂರನೆಯದನ್ನು ಅಪ್ಪ ಎಳ್ಳಿನಷ್ಟು ಪಕ್ಕಕ್ಕೆ ಸರಿಸಿ ಕೊರೆದರು. "ನೋಡು ಮಗಳೇ, ಕಲ್ಲಿನ ಮನಸ್ಸು ನೋಯಿಸದೆ ಕೆಲಸ ಮಾಡ್ಬೇಕು," ಅಂತ ಅವಳಿಗೆ ಕಿಟಕಿಯ ಬೆಳಕಿನಲ್ಲಿ ತೋರಿಸಿದ್ದರು. ನಾಲ್ಕು ತಿಂಗಳು ಹಿಡಿದ ಕೆಲಸ. ಬಟ್ಟೆಯಲ್ಲಿ ಕಟ್ಟಿ ಯಜಮಾನರ ಕೈಗೆ ಕೊಟ್ಟು ಬಂದರು.

ಸರ ಟೀಚರಮ್ಮನ ಕೈ ಸೇರಿ ತಿಂಗಳೂ ಆಗಿರಲಿಲ್ಲ, ಅವರ ಹೆಬ್ಬೆರಳೂ ನಡುಬೆರಳೂ ಹಸಿರಾದವು. ಬಣ್ಣ ಹಾಕಿದ ಬಿಳಿಕಲ್ಲು. ಮೇರುವಿನಲ್ಲಿ ಗರಿಯೂ ಇರಲಿಲ್ಲ. ಅವರು ಅಂಗಡಿಗೆ ಬಂದು ಕೇಳಿದಾಗ ಯಜಮಾನರು ಒಂದು ನಿಮಿಷವೂ ಯೋಚಿಸಲಿಲ್ಲ. "ಕೊರೆಯೋಕೆ ಮನೆಗೆ ತಗೊಂಡು ಹೋಗಿದ್ದ. ಅಲ್ಲೇ ಬದಲಾಯಿಸಿದಾನೆ," ಅಂದರು.

ಅವತ್ತು ಅಪ್ಪನಿಗೆ ಊಟದ ಡಬ್ಬಿ ತಂದಿದ್ದ ಹತ್ತೊಂಬತ್ತರ ಹುಡುಗಿ ಅಂಗಡಿಯ ಬಾಗಿಲಲ್ಲೇ ನಿಂತಿದ್ದಳು. ಅಪ್ಪ ಏಳೆಂಟು ಸಲ "ನಾನು ಕೊಟ್ಟಿದ್ದು ಅದೇ ಕಲ್ಲು, ಬುದ್ಧೀ" ಅಂದರು. ಯಜಮಾನರು ದೊಡ್ಡ ಮನಸ್ಸಿನವರಂತೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ಪೊಲೀಸು ಗಿಲೀಸು ಬೇಡ. ಮನೇಲಿ ಮದುವೆಗೆ ಬಂದ ಮಗಳಿದಾಳೆ. ಅಮ್ಮನೋರ ಕಾಲು ಹಿಡಿದು ತಪ್ಪಾಯ್ತು ಅನ್ನು, ಸಾಕು." ಅಂಗಡಿ ತುಂಬ ಜನ. ಅಪ್ಪ ಮಗಳನ್ನೊಮ್ಮೆ ನೋಡಿದರು. ಆಮೇಲೆ ಮಂಡಿಯೂರಿ ಕಾಲು ಹಿಡಿದರು. ಟೀಚರಮ್ಮ ಮುಜುಗರದಿಂದ ಕಾಲು ಹಿಂದಕ್ಕೆಳೆದುಕೊಂಡರು, ಮಾತಾಡಲಿಲ್ಲ.

ಮರುದಿನದಿಂದ ಅಪ್ಪನ ಕೈಗೆ ಯಾರೂ ಗಾಜಿನ ಮಣಿಯನ್ನೂ ಕೊಡಲಿಲ್ಲ. ಒಂದು ಹಾಸ್ಟೆಲಿನಲ್ಲಿ ಪಾತ್ರೆ ತೊಳೆದರು. ಪಚ್ಚೆಯನ್ನು ನೋಯಿಸದೆ ಕೊರೆದ ಬೆರಳುಗಳು ಸೋಪಿನ ನೀರಲ್ಲಿ ಬಿರಿದು ರಕ್ತ ಒಸರುತ್ತಿದ್ದವು. ಮೂರನೆಯ ವರ್ಷಕ್ಕೆ ಹೆಂಡತಿ, ಮಗಳನ್ನು ಬಿಟ್ಟು ತೀರಿಕೊಂಡರು. ಡಾಕ್ಟರು ಯಾವುದೋ ಕಾಯಿಲೆಯ ಹೆಸರು ಬರೆದರು. ಮಗಳು ಮಾತ್ರ ಮನಸ್ಸಿನಲ್ಲಿ ಬೇರೊಂದು ಹೆಸರನ್ನು ಬರೆದುಕೊಂಡಳು. ಅವತ್ತಿನಿಂದ ಯಾರ ಸರ ಪೋಣಿಸಿದರೂ ಗಂಟು ಬಿಗಿಯುವಾಗಲೆಲ್ಲ ಅವಳ ತುಟಿ ಅಲ್ಲಾಡುತ್ತಿತ್ತು. ನೋಡಿದವರು ಮಂತ್ರ ಹೇಳುತ್ತಾಳೆ ಅಂದುಕೊಂಡರು. ಅವಳು ಹೇಳುತ್ತಿದ್ದದ್ದು ಆ ಯಜಮಾನನ ಹೆಸರು. ನೂರೆಂಟು ಗಂಟು, ನೂರೆಂಟು ಶಾಪ. ಅವಳ ಕೈಯಿಂದ ಹೋದ ಸರಗಳಲ್ಲಿ ಎಷ್ಟೋ ಜನ ದೇವರನ್ನು ಕಂಡಿರಬಹುದು. ಅವಳು ಕಂಡಿದ್ದು ಒಂದೇ ಮುಖ.

ಹೀಗಿರುವಾಗ ಒಂದು ಮಧ್ಯಾಹ್ನ ಆ ಅಂಗಡಿಯ ಸೊಸೆ ಮೆಟ್ಟಿಲು ಹತ್ತಿ ಬಂದಳು. ಮದುವೆಯಾಗಿ ಎಂಟು ವರ್ಷ, ಈಗ ಅಂಗಡಿ ನಡೆಸುವವಳೂ ಅವಳೇ. ಅವರ ಅಂಗಡಿಯ ಕೆಲಸವನ್ನು ಗಂಟಕ್ಕ ಯಾವತ್ತೂ ಮುಟ್ಟುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು, ಯಾಕೆ ಅನ್ನುವುದು ಗೊತ್ತಿರಲಿಲ್ಲ.

"ಅಕ್ಕಾ, ಅಂಗಡಿ ಕೆಲಸ ಅಲ್ಲ ಇದು, ನಮ್ಮ ಮನೇದು. ಇಲ್ಲ ಅನ್ಬೇಡಿ," ಅಂದಳು. "ಮಾವನವರು ಮೆಟ್ಟಿಲಲ್ಲಿ ಜಾರಿಬಿದ್ರು, ಸೊಂಟದ ಮೂಳೆ ಮುರೀತು. ಕೈಯಲ್ಲಿದ್ದ ಜಪದ ಸರದ ದಾರ ಕಿತ್ತುಹೋಯ್ತು. ಪುಣ್ಯಕ್ಕೆ ಚೀಲದೊಳಗೇ ಇತ್ತು, ಒಂದು ಮಣೀನೂ ಕಳೀಲಿಲ್ಲ."

ಜಪ ಮಾಡುವಾಗ ಸರ ಯಾರ ಕಣ್ಣಿಗೂ ಬೀಳದಿರಲಿ ಅಂತ ಕೈ ತೂರಿಸಿಕೊಳ್ಳುವ ಬಟ್ಟೆಯ ಚೀಲ ಅದು. ಗೋಮುಖಿ ಅನ್ನುತ್ತಾರೆ.

"ಹದಿಮೂರು ವರ್ಷದಿಂದ ಜಪ ಮಾಡ್ತಿದಾರೆ. ಹದಿಮೂರು ಲಕ್ಷ ಮುಗಿಯೋಕೆ ಬಂತು. ಕೊನೇ ದಿನ ಧ್ಯಾನದ ಹಾಲ್‌ನಲ್ಲಿ ಎಲ್ಲರ ಜೊತೆ ಕೂತು ಮುಗಿಸ್ತಾರಂತೆ. ಅವರು ಈ ಚೀಲಾನ ಯಾರಿಗೂ ಮುಟ್ಟೋಕೆ ಬಿಡಲ್ಲ. ಅವರು ಆಸ್ಪತ್ರೆಯಲ್ಲಿ ಇರೋವಾಗ್ಲೇ ಪೋಣಿಸಿಟ್ಟು ಅವತ್ತೇ ಕೈಗೆ ಕೊಡೋಣ ಅಂತ."

ಸೊಸೆ ಚೀಲವನ್ನು ಮೇಜಿನ ಮೇಲೆ ಬಗ್ಗಿಸಿದಳು. ಮಣಿ ಉರುಳದಂತೆ ಹಾಸಿದ್ದ ದಪ್ಪ ಬಟ್ಟೆಯ ಮೇಲೆ ಹಸಿರು ಚೆಲ್ಲಿತು. "ಪಚ್ಚೆ. ಒಳ್ಳೇ ಕಲ್ಲು. ಇಂಥ ಕಲ್ಲು ಈಗೆಲ್ಲಿ ಸಿಗುತ್ತೆ," ಅಂದಳು.

ಗಂಟಕ್ಕ ಒಂದು ಮಣಿಯನ್ನು ಚಿಮಟದಲ್ಲಿ ಎತ್ತಿ ಕಿಟಕಿಗೆ ಹಿಡಿದಳು. ತೂತಿನ ನಡುವೆ ಕೂದಲೆಳೆಯಷ್ಟು ಮೆಟ್ಟಿಲು. ಇನ್ನೊಂದು ಎತ್ತಿದಳು. ಅದರಲ್ಲೂ. ಆಮೇಲೆ ಮೇರುವನ್ನು ಹುಡುಕಿದಳು. ಸೀಳಿದ ಗರಿ, ಅದಕ್ಕೆ ತಾಗದಂತೆ ಪಕ್ಕಕ್ಕೆ ಸರಿದ ಮೂರನೆಯ ತೂತು.

ಮೇರುವನ್ನು ಮತ್ತೆ ಬಟ್ಟೆಯ ಮೇಲೆ, ಉಳಿದ ಮಣಿಗಳ ನಡುವೆ ಇಟ್ಟಳು. ಕದ್ದವನು ಯಾರು ಅಂತ ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಕದ್ದ ಮಾಲನ್ನೇ ಕೈಯಲ್ಲಿ ಹಿಡಿದು ಹದಿಮೂರು ವರ್ಷ ದೇವರನ್ನು ಕರೆದಿದ್ದಾನೆ ಅನ್ನುವುದು ಗೊತ್ತಿರಲಿಲ್ಲ.

"ಎಷ್ಟು ದಿನ ಬೇಕಕ್ಕ?"

"ಅವತ್ತು ಬೆಳಿಗ್ಗೆ ಬಂದು ತಗೊಂಡು ಹೋಗಿ," ಅಂದಳು ಗಂಟಕ್ಕ. "ಚೀಲದಲ್ಲೇ ಹಾಕಿ ಬಾಯಿ ಕಟ್ಟಿರ್ತೀನಿ. ಮಧ್ಯೆ ತೆಗೀಬೇಡಿ, ಹೊಸ ದಾರ ನೋಡಿ."

ಮೊದಲು ಅವಳಿಗೆ ಹೊಳೆದಿದ್ದು ಸಣ್ಣ ಸೇಡು. ಹಳಸಿದ ದಾರ ಹಾಕಿ ಪೋಣಿಸುವುದು, ಸಭೆಯಲ್ಲಿ ಕಿತ್ತುಹೋಗಲಿ ಅನ್ನುವುದು. ಆಮೇಲೆ ನಾಚಿಕೆಯಾಯಿತು, ಸೇಡಿಗಲ್ಲ, ಅದರ ಬಡತನಕ್ಕೆ. ಇಪ್ಪತ್ತನಾಲ್ಕು ವರ್ಷ ಕಾದವಳು ದಾರ ಕಿತ್ತುಹೋಗುವುದಕ್ಕೆ ಸಮಾಧಾನ ಪಡಬೇಕೇ? ಎರಡು ದಿನ ಯೋಚಿಸಿದಳು. ಮೂರನೆಯ ದಿನ ಹೋಗಿ ಅದೇ ಅಳತೆಯ ಬಿಳಿಕಲ್ಲಿನ ಮಣಿ ತಂದಳು, ಬಟ್ಟೆಗೆ ಹಾಕುವ ಹಸಿರು ಬಣ್ಣ ತಂದಳು. ಬಣ್ಣ ನಿಲ್ಲಬೇಕಾದರೆ ಏನು ಮಾಡಬೇಕು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಮಾಡಲಿಲ್ಲ. ಒಣಗಿಸಿ, ಒಂದೊಂದೇ ಪೋಣಿಸಿದಳು. ಬೆಂಕಿಗೆ ಬೆಂಕಿಯೇ. ಗಂಟು ಮಾತ್ರ ಎಂದಿನಂತೆಯೇ ಹಾಕಿದಳು. ಕೆಲಸ ಕೆಡಿಸುವುದು ಅವಳಿಗೆ ಬರುತ್ತಿರಲಿಲ್ಲ.

ನಿಜವಾದ ಪಚ್ಚೆಯನ್ನೂ ಪೋಣಿಸಿದಳು. ಅದನ್ನು ಹಿಡಿದುಕೊಂಡು ಟೀಚರಮ್ಮನ ಮನೆಗೆ ಹೋದಳು.

ಟೀಚರಮ್ಮನಿಗೆ ಈಗ ಎಂಬತ್ತೆರಡು. ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಮೇರುವನ್ನು ಭೂತಗನ್ನಡಿಯಲ್ಲಿ ನೋಡಿದರು. ಕನ್ನಡಿ ಕೆಳಗಿಟ್ಟರು. ಮತ್ತೆ ಎತ್ತಿ ನೋಡಿದರು.

"ಇದು ನಾನು ಆರಿಸಿದ ಕಲ್ಲು," ಅಂದರು. "ಎಲ್ಲಿ ಸಿಕ್ತು?"

ಅವಳು ಹೇಳಿದಳು. ಮುದುಕಿ ಸರವನ್ನು ಮಡಿಲಲ್ಲಿ ಇಟ್ಟುಕೊಂಡರು.

"ನಿಮ್ಮಪ್ಪ ಅವತ್ತು ಕಾಲು ಹಿಡಿದಾಗ ಕಾಲು ಎಳ್ಕೋಬೇಕು ಅಂತ ಅನ್ನಿಸ್ತು ನಂಗೆ. ಬಾಯಿ ತೆಗೀಬೇಕು ಅಂತ ಅನ್ನಿಸಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿ ಅಂತ ಪಾಠ ಮಾಡಿದವಳು."

"ನೀವು ಬಾಯಿ ತೆಗೆಯೋ ದಿನ ಈಗ ಬಂದಿದೆ," ಅಂದಳು ಗಂಟಕ್ಕ. ಮೆತ್ತಗೆ ಹೇಳುವ ಅಭ್ಯಾಸ ಅವಳಿಗಿರಲಿಲ್ಲ. ತಾನು ಮಾಡಲು ಹೊರಟಿದ್ದನ್ನು ತಿಳಿಸಿದಳು.

"ಪೊಲೀಸರಿಗೆ ಹೇಳಬಾರದಾ?"

"ಎಂಬತ್ತು ಮುಟ್ಟಿದ ಮುದುಕ, ಮುರಿದ ಸೊಂಟ. ಕೂರಿಸಿ ಟೀ ಕೊಟ್ಟು ಕಳಿಸ್ತಾರೆ."

"ಅಲ್ಲ ಕಣೇ, ನಿಮ್ಮಪ್ಪ ಮಾಡದೇ ಇದ್ದ ಕೆಲಸಾನ ನೀನು ಮಾಡ್ತೀಯಾ? ಪೋಣಿಸೋಕೆ ಕೊಟ್ಟ ಕಲ್ಲು ಬದಲಾಯಿಸೋದು?"

"ಹೂಂ. ಕಳ್ಳರ ಮನೆ ಅಂತ ಹೆಸರು ಹೇಗೂ ಬಂದಾಗಿದೆ. ಕೆಲಸ ಒಂದು ಬಾಕಿ ಇತ್ತು."

ಟೀಚರಮ್ಮ ಅವಳ ಗಂಟು ಮುಖವನ್ನೇ ನೋಡಿದರು. ಆಮೇಲೆ ಎದ್ದು ಬೀರುವಿನಿಂದ ಒಳ್ಳೆಯ ಸೀರೆಯೊಂದನ್ನು ತೆಗೆದು ಕುರ್ಚಿಯ ಮೇಲೆ ಹಾಕಿದರು. "ನನ್ನನ್ನ ಮೆಟ್ಟಿಲು ಇಳಿಸಿ ಕರ್ಕೊಂಡು ಹೋಗೋಕೆ ಯಾರಾದ್ರೂ ಬೇಕು," ಅಂದರು.

ಧ್ಯಾನದ ಹಾಲ್ ಒಂದು ಬ್ಯಾಂಕಿನ ಮೇಲಿನ ಮಹಡಿಯಲ್ಲಿತ್ತು. ಬಾಗಿಲ ಬಳಿ ಚಪ್ಪಲಿಯ ಕಪಾಟು, ನೆಲಕ್ಕೆ ಬೂದು ಬಣ್ಣದ ಕಾರ್ಪೆಟ್ಟು, ಮಂಡಿನೋವಿನವರಿಗೆ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ. ಬೆಳಿಗ್ಗೆ ಹತ್ತಕ್ಕೆ ಅರವತ್ತು ಜನ ಸೇರಿದ್ದರು. ಅರ್ಧಕ್ಕರ್ಧ ಆ ಬೀದಿಯ ವ್ಯಾಪಾರದವರೇ. ಅಪ್ಪನಿಗೆ ಕೆಲಸ ಇಲ್ಲ ಅಂದವರಲ್ಲಿ ನಾಲ್ಕೈದು ಮುಖಗಳನ್ನು ಗಂಟಕ್ಕ ಲೆಕ್ಕ ಹಿಡಿದಳು. ಟೀಚರಮ್ಮನನ್ನು ಮೂರನೆಯ ಸಾಲಿನ ಕುರ್ಚಿಯಲ್ಲಿ ಕೂರಿಸಿ ತಾನು ಪಕ್ಕದಲ್ಲಿ ಕೂತಳು.

ಯಜಮಾನರನ್ನು ಗಾಲಿಕುರ್ಚಿಯಲ್ಲಿ ತಂದು ಮುಂದೆ ನಿಲ್ಲಿಸಿದರು. ಸವೆದು ಸಣ್ಣಗಾಗಿದ್ದರು, ಕೆನ್ನೆ ಒಳಗೆ ಹೋಗಿತ್ತು. ಅವಳಿಗೆ ಒಂದಿಷ್ಟೂ ಕನಿಕರ ಹುಟ್ಟಲಿಲ್ಲ. ಅಪ್ಪನಿಗೆ ಈ ವಯಸ್ಸೇ ಬರಲಿಲ್ಲ ಅಂದುಕೊಂಡಳು.

ಸೊಸೆ ಚೀಲವನ್ನು ಅವರ ತೊಡೆಯ ಮೇಲಿಟ್ಟಳು. "ಮಾವ, ಹೊಸ ದಾರ ಹಾಕಿಸಿದೀನಿ."

"ಯಾರ ಹತ್ರ?" ಅಂದರು ಅವರು, ಬೆಚ್ಚಿದವರಂತೆ.

ಅಷ್ಟರಲ್ಲಿ ಗಂಟೆ ಬಾರಿಸಿತು. ಎಲ್ಲರೂ ಕಣ್ಣು ಮುಚ್ಚಿದರು. ಯಜಮಾನರೂ ಚೀಲದೊಳಗೆ ಕೈಯಿಟ್ಟು ಕಣ್ಣು ಮುಚ್ಚಿದರು. ಕಣ್ಣು ತೆರೆದಿದ್ದವಳು ಗಂಟಕ್ಕ ಒಬ್ಬಳೇ. ಚೀಲದ ಬಟ್ಟೆಯೊಳಗೆ ಬೆರಳು ಚಲಿಸುವುದನ್ನೇ ನೋಡುತ್ತ ಕೂತಳು. ಹತ್ತು ನಿಮಿಷ ಕಳೆಯಿತು. ಒಂದು ಸುತ್ತು ಮುಗಿದು ಬೆರಳು ಮೇರುವಿಗೆ ತಾಗಿರಬೇಕು, ಅವರ ಕಣ್ಣು ಥಟ್ಟನೆ ತೆರೆಯಿತು. ಹದಿಮೂರು ವರ್ಷ ಮುಟ್ಟಿದ ಮಣಿ. ಪಕ್ಕಕ್ಕೆ ಸರಿದ ಆ ತೂತು ಬೆರಳಿಗೆ ಸಿಗಲಿಲ್ಲ. ಚೀಲದ ಬಾಯಿಯನ್ನು ಸ್ವಲ್ಪ ಅಗಲಿಸಿ ಇಣುಕಲು ಹೋದರು. ಪಕ್ಕದಲ್ಲಿದ್ದವರು ಕದಲಿದ್ದರಿಂದ ಬಿಟ್ಟರು. ಹಾಲ್‌ನ ಉದ್ದಕ್ಕೂ ನೋಡಿದರು. ಮೂರನೆಯ ಸಾಲಿನ ಮುದುಕಿಯೊಬ್ಬರು ಚೀಲವಿಲ್ಲದೆ, ಬರಿಗೈಯಲ್ಲಿ ಸರ ಹಿಡಿದು ಜಪ ಮಾಡುತ್ತಿದ್ದರು. ಹಸಿರು ಸರ. ಅವರ ಪಕ್ಕ ಕೂತ ಹೆಂಗಸು ರೆಪ್ಪೆ ಬಡಿಯದೆ ತಮ್ಮನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಆ ಮಣಿ ಕೊರೆಯುವವನ ಮೂಗಿತ್ತು.

ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪ. ನನ್ನ ಕಲ್ಲು ಕದ್ದರು ಅಂತ ಕೂಗಿದರೆ ಆ ಕಲ್ಲು ನಿನಗೆ ಎಲ್ಲಿಂದ ಬಂತು ಅಂತ ಕೇಳುತ್ತಾರೆ. ಮುದುಕರ ಹಣೆಯಲ್ಲಿ ಬೆವರು ಒಡೆಯಿತು. ಕೈಯೂ ಬೆವರಿರಬೇಕು. ಗಂಟಕ್ಕನಿಗೆ ಬೇಕಾಗಿದ್ದದ್ದೂ ಅದೇ.

ಕೊನೆಯ ಗಂಟೆ ಬಾರಿಸಿದಾಗ ಅವರು ಕೈ ಹೊರಗೆ ತೆಗೆಯಲಿಲ್ಲ. ಸೊಸೆಯೇ ಪ್ರೀತಿಯಿಂದ ಚೀಲ ತೆಗೆದುಕೊಂಡು, "ಎಲ್ಲರಿಗೂ ಕೈ ಮುಗೀರಿ ಮಾವ," ಅಂದಳು. ಅಂಗೈವರೆಗೂ ಹಸಿರು. ಚೀಲದ ಬಿಳಿ ಬಟ್ಟೆಯಲ್ಲೂ ಹಸಿರು ಮಚ್ಚೆ.

ಗುಸುಗುಸು ಎದ್ದಿತು. ಸೊಸೆ ಸರವನ್ನು ಹೊರಗೆಳೆದು ಬೆಳಕಿಗೆ ಹಿಡಿದಳು. ಕಲ್ಲಿನ ವ್ಯಾಪಾರದವಳು, ಒಂದೇ ನೋಟ ಸಾಕಾಯಿತು. ನೇರ ಗಂಟಕ್ಕನ ಹತ್ತಿರ ಬಂದಳು.

"ಅಕ್ಕಾ, ನಾನು ಕೊಟ್ಟಿದ್ದು ಪಚ್ಚೆ. ಏನು ಮಾಡಿದ್ರಿ ಅದನ್ನ?"

"ನಿಮ್ಮ ಮಾವನ್ನ ಕೇಳಿ," ಅಂದಳು ಗಂಟಕ್ಕ ಎದ್ದು ನಿಂತು. "ಅದು ಪಚ್ಚೆನಾ, ಪಚ್ಚೆ ಆದ್ರೆ ಎಲ್ಲಿಂದ ಬಂತು, ಅವರೇ ಹೇಳ್ಲಿ."

ಅರವತ್ತು ಜನ ಯಜಮಾನರತ್ತ ತಿರುಗಿದರು. ಅವರು ತುಟಿ ಒದ್ದೆ ಮಾಡಿಕೊಂಡರು. ಹಳೆಯ ವ್ಯಾಪಾರಿ, ಬೆಕ್ಕಿನ ಹಾಗೆ, ಎಲ್ಲಿಂದ ಬಿದ್ದರೂ ಕಾಲ ಮೇಲೇ ನಿಲ್ಲುವವರು.

"ಮೊದಲಿಂದಲೂ ಬಣ್ಣದ ಕಲ್ಲೇ ಅದು," ಅಂದರು ನಿಧಾನವಾಗಿ. "ಭಕ್ತಿಗೆ ಪಚ್ಚೆ ಯಾಕೆ ಬೇಕು?"

ಹಿಂದಿನಿಂದ ಯಾರೋ "ಆಹಾ" ಅಂದರು. ಇನ್ನೊಬ್ಬರು, "ಅಂಗಡಿ ತುಂಬ ರತ್ನ ಇಟ್ಕೊಂಡು ಬಣ್ಣದ ಕಲ್ಲಲ್ಲಿ ಹದಿಮೂರು ಲಕ್ಷ. ದೊಡ್ಡೋರು ದೊಡ್ಡೋರೇ," ಅಂದರು. ಸೊಸೆ ಮಾತ್ರ ಮಾವನ ಮುಖವನ್ನೇ ನೋಡುತ್ತ ನಿಂತಳು. ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ಆ ಹಾಲ್‌ನಲ್ಲಿ ಗೊತ್ತಿದ್ದ ಮೂರು ಜನರಲ್ಲಿ ಅವಳೂ ಒಬ್ಬಳು.

ಇಷ್ಟು ಮಾಡಿಯೂ ಆ ಮುದುಕ ಇದ್ದದ್ದಕ್ಕಿಂತ ದೊಡ್ಡವನಾಗಿ ಕೂತಿದ್ದ. ಅವಳು ಟೀಚರಮ್ಮನ ಕೈಯಿಂದ ಪಚ್ಚೆಯ ಸರವನ್ನು ತೆಗೆದುಕೊಂಡು ನೇರ ಗಾಲಿಕುರ್ಚಿಯ ಎದುರು ಹೋಗಿ ನಿಂತಳು. ಅದನ್ನು ಅವರ ಹಸಿರು ಅಂಗೈಯಲ್ಲಿ ಇಟ್ಟಳು.

"ಸರಿ. ಹಾಗಾದ್ರೆ ಇದು ನಿಮ್ಮದಲ್ಲ. ಇದನ್ನ ಹಿಡ್ಕೊಂಡು ಹೇಳಿ, ನಂದಲ್ಲ ಅಂತ. ನೀವು ದಿನಾ ಕರೀತಿದ್ರಲ್ಲ, ಆ ದೇವರ ಹೆಸರು ಹೇಳಿ ಒಂದು ಸಲ ಅನ್ನಿ. ನಾನು ಕಾಲು ಹಿಡಿದು ತಪ್ಪಾಯ್ತು ಅಂತೀನಿ. ನಮ್ಮನೇಲಿ ಅದು ರೂಢಿ ಇದೆ."

ಅವಳು ಈ ಮಾತನ್ನು ಯೋಚಿಸಿಟ್ಟುಕೊಂಡು ಬಂದಿರಲಿಲ್ಲ. ಸಿಟ್ಟು ಎತ್ತಿಕೊಟ್ಟ ಮಾತು ಅದು. ಯಜಮಾನರು ಬಾಯಿ ತೆರೆದರು. ಹೆಬ್ಬೆರಳು ತನ್ನಷ್ಟಕ್ಕೆ ಮೇರುವನ್ನು ಹುಡುಕಿತು, ಪಕ್ಕಕ್ಕೆ ಸರಿದ ತೂತಿನ ಮೇಲೆ ಹೋಗಿ ನಿಂತಿತು. ಮತ್ತೆ ಬಾಯಿ ತೆರೆದರು. ಕದ್ದವರು ನಿಜ, ಆದರೆ ಜಪ ಮಾಡಿದವರೂ ನಿಜ. ಹದಿಮೂರು ವರ್ಷ ದೇವರು ಆ ಮಣಿಗಳಲ್ಲಿ ಇದ್ದಾನೆ ಅಂತ ನಂಬಿದ್ದ ಮನುಷ್ಯ. ಸೊಸೆಗೆ, ಊರಿಗೆ ಸುಳ್ಳು ಹೇಳಬಲ್ಲವರು, ಆ ಸರಕ್ಕೆ ಹೇಳಲಾಗಲಿಲ್ಲ.

"ಟೀಚರಮ್ಮಂದು ಇದು," ಅಂದರು. ದನಿ ಪಕ್ಕದವರಿಗೂ ಸರಿಯಾಗಿ ಕೇಳಲಿಲ್ಲ.

"ಜೋರಾಗಿ."

"ಕೊರೆಯೋನು ಕದ್ದಿಲ್ಲ. ನಾನೇ ಕದ್ದಿದ್ದು."

ಹಿಂದೆ ಆಹಾ ಅಂದವರು ತಲೆ ತಗ್ಗಿಸಿ ಚಪ್ಪಲಿಯ ಕಪಾಟಿನತ್ತ ನೋಡಿದರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಬೇರೆ ಯಾರಾದರೂ ನಿಲ್ಲಿಸುತ್ತಿದ್ದರು. ಗಂಟಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಅವರ ಎದುರು ಕೂತಳು.

"ಒಂದು ಮಣಿ ಆಯ್ತು," ಅಂದಳು. "ನೂರೇಳು ಇದೆ."

ಅವರು ಅರ್ಥವಾಗದೆ ನೋಡಿದರು. ಅವಳು ಅವರ ಹೆಬ್ಬೆರಳನ್ನು ಹಿಡಿದು ಮುಂದಿನ ಮಣಿಯ ಮೇಲಿಟ್ಟಳು. "ಹೇಳಿ."

"ಕೊರೆಯೋನು ಕದ್ದಿಲ್ಲ. ನಾನೇ ಕದ್ದಿದ್ದು."

ಹತ್ತನೆಯ ಮಣಿಯ ಹೊತ್ತಿಗೆ ಜನ ಎದ್ದು ಚಪ್ಪಲಿ ಹುಡುಕತೊಡಗಿದರು. ಆ ಬೀದಿಯ ಹಳಬರು ಅವಳ ಕಣ್ಣು ತಪ್ಪಿಸಿ ಗೋಡೆ ಸವರಿಕೊಂಡು ಹೋದರು. ಇಪ್ಪತ್ತನೆಯದಕ್ಕೆ ಸೊಸೆ ಬಂದು, "ಸಾಕು ಮಾಡಿ ಅಕ್ಕ, ಕೈ ಮುಗೀತೀನಿ," ಅಂದಳು. ಗಂಟಕ್ಕ ತಿರುಗಿಯೂ ನೋಡಲಿಲ್ಲ. ನಲವತ್ತಕ್ಕೆ ಮುದುಕರ ಗಂಟಲು ಕಟ್ಟಿತು. ಅವಳು ನೀರು ಕುಡಿಸಿದಳು, ಮತ್ತೆ "ಹೇಳಿ" ಅಂದಳು. ಅಪ್ಪ ಅಂಗಡಿಯ ನೆಲದಲ್ಲಿ ಮಂಡಿಯೂರಿದ್ದು, ಹಾಸ್ಟೆಲಿನ ಹಿತ್ತಲಲ್ಲಿ ಬಿರಿದ ಬೆರಳಿಗೆ ಗಾಳಿ ಊದಿಕೊಳ್ಳುತ್ತ ನಿಂತಿದ್ದು, ಕೊನೆಗೆ ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದು, ಒಂದೊಂದು ಮಣಿಗೂ ಒಂದೊಂದು ಅವಳ ಕಣ್ಣೆದುರು ಬಂತು. ಇಷ್ಟು ರುಚಿಯಾದ ಮಾತನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ.

ಎಪ್ಪತ್ತಕ್ಕೆ ಟೀಚರಮ್ಮ ಹಿಂದಿನಿಂದ, "ಸಾಕು ಬಿಡು ತಾಯಿ," ಅಂದರು. ಅವಳು ಒಂದು ಕ್ಷಣ ತಡೆದಳು. ಆದರೆ ಯಜಮಾನರು ತಡೆಯಲಿಲ್ಲ. ಅವಳು ಹೇಳಿ ಅನ್ನುವ ಮೊದಲೇ ಮುಂದಿನ ಮಣಿಗೆ ಹೋದರು, ಅದರ ಮುಂದಿನದಕ್ಕೂ ಹೋದರು. ಕಣ್ಣು ಮುಚ್ಚಿಕೊಂಡಿದ್ದರು. ಕಣ್ಣೀರು ಇಳಿಯುತ್ತಿತ್ತು. ದನಿ ಬಿದ್ದು ಹೋಗಿ ತುಟಿ ಮಾತ್ರ ಅಲ್ಲಾಡುತ್ತಿತ್ತು. ಮೇರುವಿಗೆ ಬಂದು ಬೆರಳು ನಿಂತಾಗ ಅವರ ಮುಖ ಹೊರೆ ಇಳಿಸಿದ ಕೂಲಿಯವನ ಮುಖದಂತಿತ್ತು.

ಆ ಮುಖ ಅವಳಿಗೆ ಸೇರಲಿಲ್ಲ. ಸರವನ್ನು ಅವರ ಕೈಯಿಂದ ಬಿಡಿಸಿ ಟೀಚರಮ್ಮನಿಗೆ ಕೊಟ್ಟು, ಮುದುಕಿಯನ್ನು ಕೈಹಿಡಿದು ಮೆಟ್ಟಿಲಿಳಿಸಿದಳು.

ಸುದ್ದಿ ಬೀದಿಯಲ್ಲೆಲ್ಲ ಹಬ್ಬಲು ಒಂದು ಮಧ್ಯಾಹ್ನವೂ ಬೇಕಾಗಲಿಲ್ಲ. ಆ ವಾರ ಹಳಬರು ಒಬ್ಬೊಬ್ಬರೇ ಮೆಟ್ಟಿಲು ಹತ್ತಿ ಬಂದರು. "ನಮಗೆ ಆವಾಗ್ಲೇ ಅನುಮಾನ ಇತ್ತಮ್ಮ, ನಿಮ್ಮಪ್ಪ ಅಂಥೋರಲ್ಲ ಅಂತ," ಅಂದರು. ಅವಳು ಯಾರಿಗೂ ಕೂತುಕೊಳ್ಳಿ ಅನ್ನಲಿಲ್ಲ. "ಆವಾಗ್ಲೇ ಇತ್ತಾ? ಹಾಗಾದ್ರೆ ಇಪ್ಪತ್ತನಾಲ್ಕು ವರ್ಷ ಎಲ್ಲಿಟ್ಟಿದ್ರಿ ಅದನ್ನ?" ಅಂತ ಒಬ್ಬೊಬ್ಬರನ್ನೂ ಕೇಳಿದಳು. ಬಂದವರು ಬಂದ ಹಾಗೇ ಇಳಿದು ಹೋದರು. ಇಸ್ತ್ರಿ ಅಂಗಡಿಯವನು ತಮಾಷೆ ನಿಲ್ಲಿಸಿದ.

ತಿಂಗಳ ಮೇಲೆ ಸೊಸೆ ಬಂದಳು. ಬಾಗಿಲಲ್ಲೇ ನಿಂತಳು.

"ಒಂದು ಮಾತು ಕೇಳ್ಬೇಕಿತ್ತು ಅಕ್ಕ. ನಂದೇನು ತಪ್ಪಿತ್ತು? ನಂಬಿಕೊಂಡು ಬಂದೆ. ನನ್ನ ಕೈಯಿಂದಲೇ ಆ ಚೀಲ ಕೊಡಿಸಿದ್ರಿ. ಈಗ ಅಂಗಡಿಗೆ ಬಂದೋರೆಲ್ಲ ಕಲ್ಲನ್ನ ಉಗುರಲ್ಲಿ ಕೆರೆದು ನೋಡ್ತಾರೆ."

"ನನಗಾಗ ಹತ್ತೊಂಬತ್ತು," ಅಂದಳು ಗಂಟಕ್ಕ, ದಾರದಿಂದ ಕಣ್ಣೆತ್ತದೆ. "ನಂದೇನು ತಪ್ಪಿತ್ತು ಅಂತ ಯಾರೂ ಹೇಳಲಿಲ್ಲ."

ಸೊಸೆ ಹೊರಡಲು ತಿರುಗಿದಳು. ಮತ್ತೆ ನಿಂತು, "ಮಾವ ಈಗ ಚೆನ್ನಾಗಿ ನಿದ್ದೆ ಮಾಡ್ತಾರೆ. ಎಷ್ಟೋ ವರ್ಷ ಆಗಿತ್ತಂತೆ ಹಾಗೆ ಮಲಗಿ. ನಿಮಗೆ ಹೇಳು ಅಂದ್ರು," ಅಂದಳು.

ಅವಳು ಹೋದ ಮೇಲೆ ಗಂಟಕ್ಕ ಹಾಕಿದ ಗಂಟು ತಪ್ಪಿತು. ಬಿಚ್ಚಿ ಮತ್ತೆ ಹಾಕಿದಳು. ಮತ್ತೆ ತಪ್ಪಿತು. ಆ ಮುದುಕನಿಗೆ ನಿದ್ದೆ ತಂದುಕೊಟ್ಟವಳು ತಾನೇ ಅನ್ನುವುದು ಎದೆಯಲ್ಲಿ ಮುಳ್ಳಿನಂತೆ ನಿಂತಿತು.

ಕೆಲಸದ ಕೋಣೆಯ ಪರದೆಯ ಹಿಂದೆ ಅಮ್ಮನ ಮಂಚ. ಎಪ್ಪತ್ತು ದಾಟಿದ ಅಮ್ಮ ಹಾಲ್‌ನಲ್ಲಿ ನಡೆದದ್ದನ್ನು ಕೇಳಿದ ದಿನದಿಂದ ಒಂದು ಮಾತೂ ಆಡಿರಲಿಲ್ಲ. ಸಂತೋಷಕ್ಕೆ ಮಾತು ನಿಂತಿದೆ ಅಂತ ಮಗಳು ಅಂದುಕೊಂಡಿದ್ದಳು. ಈಗ ಪರದೆ ಸರಿಸಿಕೊಂಡು ಬಂದು ಮೇಜಿನ ಆಚೆ ಬದಿಯ ಸ್ಟೂಲಿನಲ್ಲಿ ಕೂತರು.

"ಅವತ್ತು ಅಂಗಡಿಯಲ್ಲಿ ಕಾಲು ಹಿಡಿದು ಬಂದ ರಾತ್ರಿ," ಅಂದರು, "ನಾನೂ ಕೇಳಿದ್ದೆ ನಿಮ್ಮಪ್ಪನ್ನ. ನನ್ನ ಹತ್ರನಾದ್ರೂ ನಿಜ ಹೇಳಿ, ಎಲ್ಲಿಟ್ಟಿದೀರಿ ಅಂತ."

ಮಗಳು ಚಿಮಟ ಕೆಳಗಿಟ್ಟಳು.

"ಅವರು ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತರು. ಆ ಮಾತು ಅವರ ಮನಸ್ಸಲ್ಲಿ ಉಳಿದಿತ್ತೇನೇ? ನಿನ್ನ ಹತ್ರ ಯಾವತ್ತಾದ್ರೂ ಹೇಳಿದ್ರಾ?"

ಹೇಳಿದ್ದರು. ಸಾಯುವ ಹಿಂದಿನ ತಿಂಗಳು, ಹಾಸ್ಟೆಲಿನಿಂದ ಬರುವ ದಾರಿಯಲ್ಲಿ, "ಊರು ಅಂದಿದ್ದು ಹೋಗಲಿ ಮಗಳೇ, ನಿಮ್ಮಮ್ಮನೂ ಕೇಳಿದಳು," ಅಂದಿದ್ದರು. ಆ ಮಾತು ಅವಳ ನಾಲಿಗೆಯ ತುದಿಯವರೆಗೂ ಬಂತು. ಒಂದು ತಿಂಗಳಿಂದ ಯಾರನ್ನೂ ಬಿಟ್ಟಿರದ ನಾಲಿಗೆ. ಅಮ್ಮ ಎರಡೂ ಕೈಯಲ್ಲಿ ಮೇಜಿನ ಅಂಚನ್ನು ಹಿಡಿದುಕೊಂಡು ಕಾಯುತ್ತಿದ್ದರು, ಏಟು ಬೀಳಲಿ ಅಂತ ಕಾಯುವವರ ಹಾಗೆ.

"ಇಲ್ಲಮ್ಮ," ಅಂದಳು. "ಒಂದು ಸಲವೂ ಹೇಳಲಿಲ್ಲ."

ಅಮ್ಮ ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಎದ್ದು ಒಳಗೆ ಹೋಗಿ ಎರಡು ತಟ್ಟೆ ಹಾಕಿ, "ಬಾ, ಆರಿಹೋಗುತ್ತೆ," ಅಂತ ಕರೆದರು. ಮಗಳು ಕೈ ತೊಳೆದುಕೊಂಡು ಹೋಗಿ ಅವರ ಪಕ್ಕದಲ್ಲಿ ಕೂತಳು.